ಕೆಂಪಕ್ಕಿಯಲ್ಲಿ ಹುದುಗಿದ್ದ ಕರಡಿಗೆ

"ಜೋಪಾನ ಮಾರಾಯ್ರೆ! ಅಟ್ಟ ಮೊದಲೇ ಗೆದ್ದಲು ತಿಂದದ್ದು," ಎಂದು ಕೆಳಗಿನಿಂದ ಚೆನ್ನಯ ಕೂಗಿದ. "ನೀವು ಅಟ್ಟ ಸಮೇತ ನನ್ನ ತಲೆ ಮೇಲೆ ಇಳಿದ್ರೆ ನಾಳೆ ಸಹಿ ಮಾಡ್ಲಿಕ್ಕೆ ಯಾರು ಉಳೀತಾರೆ?"

ನೀಲಕಂಠಪ್ಪ ಅಟ್ಟದ ಮೇಲೆ ಮೊಣಕಾಲೂರಿ ಕೂತಿದ್ದ. ಅವನ ಬಲಗೈ ಒಂದು ಮಣ್ಣಿನ ಗಡಿಗೆಯೊಳಗೆ ಮಣಿಕಟ್ಟಿನವರೆಗೂ ಇಳಿದಿತ್ತು. ಗಡಿಗೆಯ ತುಂಬ ಅಕ್ಕಿ. ಅಕ್ಕಿಯ ನಡುವೆ ದುಂಡನೆಯದೊಂದು ವಸ್ತು ಬೆರಳಿಗೆ ತಾಗಿ, ಕೈ ಅಲ್ಲಿಯೇ ನಿಂತುಬಿಟ್ಟಿತ್ತು. ನೆಲದಡಿಯ ಹಗೇವಿನೊಳಗೆ ಜೋಳ ತುಂಬಲು ಇಳಿದವನ ಕಾಲಿಗೆ ತಣ್ಣಗೆ ಏನೋ ತಾಗಿದರೆ ಹೀಗೆಯೇ ನಿಲ್ಲುತ್ತಾನೆ. ಕೂಗುವುದಿಲ್ಲ. ಉಸಿರನ್ನೂ ಬಿಡುವುದಿಲ್ಲ.

ಮೆಲ್ಲಗೆ ಹೊರಗೆಳೆದ. ಬಿಳಿಯ ಅರಿವೆಯ ಒಂದು ಸುತ್ತು. ಬಿಚ್ಚುವ ಮೊದಲೇ ಅವನಿಗೆ ಗೊತ್ತಾಗಿಹೋಯಿತು.

ಬೆಳ್ಳಿಯ ಕರಡಿಗೆ. ಮುಚ್ಚಳದ ಮೇಲೆ ಬಿಲ್ವಪತ್ರೆಯ ಕೆತ್ತನೆ. ಇಂಡಿ ತಾಲೂಕಿನ ಅವರ ಊರಿನಲ್ಲಿ ಇಬ್ಬರು ಹುಡುಗರಿಗೆ ಒಂದೇ ದಿನ ಲಿಂಗಧಾರಣೆಯಾಗಿತ್ತು. ಊರ ಪತ್ತಾರ ಒಂದೇ ಅಚ್ಚಿನಲ್ಲಿ ಎರಡು ಕರಡಿಗೆ ಮಾಡಿಕೊಟ್ಟಿದ್ದ. ಅದರಲ್ಲೊಂದು ಈಗ ನೀಲಕಂಠಪ್ಪನ ಅಂಗಿಯೊಳಗೆ, ಎದೆಯ ಬೆವರಿಗೆ ಅಂಟಿಕೊಂಡಿದೆ. ಇನ್ನೊಂದು ಇದು, ಗೆಳೆಯ ಸಂಗಪ್ಪನದು. ಮುಚ್ಚಳದ ಬಿಜಾಗರಿ ಕಿತ್ತುಹೋಗಿದ್ದಾಗ ಸಂಗಪ್ಪ ಮಿಲ್ಲಿನಿಂದ ತಂದ ತಾಮ್ರದ ತಂತಿ ಸುತ್ತಿಕೊಂಡಿದ್ದ. ತಂತಿ ಹಾಗೆಯೇ ಇತ್ತು.

ಮುಚ್ಚಳ ತೆರೆದ. ಒಳಗೆ ಲಿಂಗ.

ಪುಷ್ಯದ ಚಳಿಯಲ್ಲಿ, ಗೋರೆಗಾಂವ್ ಮತ್ತು ಮಲಾಡ್ ನಡುವೆ ಲೋಕಲ್ ಗಾಡಿಗೆ ಸಿಕ್ಕು ಸತ್ತನೆಂದು ಪೊಲೀಸರು ಬರೆದುಕೊಂಡು ಮುಗಿಸಿದ ಸಂಗಪ್ಪನ ಲಿಂಗ.

ಅಂದು ಶವದ ಮುಖ ಗುರುತು ಸಿಗುವಂತಿರಲಿಲ್ಲ. ಮೈಮೇಲೆ ಸಂಗಪ್ಪನ ಕಂದು ಕೋಟು ಇತ್ತು. ಕೊರಳಲ್ಲಿ ಅರಿವೆಯಲ್ಲಿ ಕಟ್ಟಿದ ಲಿಂಗವಿತ್ತು. ಶವಾಗಾರದ ಬಾಗಿಲಲ್ಲಿ ನಿಂತು "ಕೊರಳಾಗ ಲಿಂಗ ಐತಿ, ಇಂವ ನಮ್ಮ ಸಂಗ್ಯಾನ" ಎಂದವನು ಈ ನೀಲಕಂಠಪ್ಪನೇ. ಗೋರೆಗಾಂವದ ಈ ಭತ್ತದ ಗದ್ದೆ, ತಾಳೆಮರ, ಎಮ್ಮೆ ತಬೇಲಾಗಳ ನಡುವೆ ಲಿಂಗ ಕಟ್ಟಿದವನು ಇನ್ನೊಬ್ಬ ಯಾರಿದ್ದ? ಬೆಳ್ಳಿಯ ಕರಡಿಗೆ ಕಾಣಲಿಲ್ಲವೆಂದರೆ, ಹಳಿಯ ಬದಿಯಲ್ಲಿ ಯಾರೋ ಎಗರಿಸಿರಬೇಕೆಂದು ಸುಮ್ಮನಾಗಿದ್ದ. ಕುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಆ ಲಿಂಗವಿಟ್ಟು, ಬೆರಳು ಮಡಚಿ ಮಣ್ಣು ಕೊಟ್ಟವನೂ ಇವನೇ.

ಒಬ್ಬನಿಗೆ ಒಂದೇ ಲಿಂಗ. ಕಟ್ಟಿಕೊಂಡವನೊಡನೆ ಅದು ಮಣ್ಣಿಗೆ ಹೋಗುತ್ತದೆ. ಕುಣಿಯೊಳಗೆ ಇರಬೇಕಾದದ್ದು ಅಟ್ಟದ ಮೇಲೆ ಅಕ್ಕಿಯಲ್ಲಿ ಕೂತಿದೆಯೆಂದರೆ, ತಾನು ಹೂತದ್ದು ಯಾರನ್ನು?

ಸಂಗ್ಯಾ ಬದುಕಿರಬಹುದು. ಬದುಕಿದ್ದರೆ ನಾಳೆ ತಾನು ಮಾರುತ್ತಿರುವುದು ಬದುಕಿರುವವನ ಮನೆ.

ತನ್ನ ನಂತರ ಮನೆ ಮಾರಿ, ಬಂದದ್ದನ್ನು ಅಕ್ಕ ದಾನವ್ವನಿಗೆ ಮುಟ್ಟಿಸಬೇಕು, ಆ ಕೆಲಸ ಗೆಳೆಯ ನೀಲಕಂಠಪ್ಪನದು ಎಂದು ಸಂಗಪ್ಪ ಮೃತ್ಯುಪತ್ರ ಬರೆದಿಟ್ಟಿದ್ದ. ಕೋರ್ಟಿನವರು ಅಂಥವನಿಗೆ ಎಕ್ಸಿಕ್ಯೂಟರ್ ಅನ್ನುತ್ತಾರೆ. ಫೋರ್ಟಿನಲ್ಲಿ ಅರಳೆ ವ್ಯಾಪಾರದ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ನೀಲಕಂಠಪ್ಪನಿಗೆ ಆ ಹೆಸರು ಹೊರಲಾರದ ಮೂಟೆಯ ಹಾಗೆ ಅನಿಸಿತ್ತು. ಆದರೂ ಹೈಕೋರ್ಟಿಗೆ ತಿರುಗಿ, ಸಂಗಪ್ಪ ಸತ್ತದ್ದು ನಿಜವೆಂದು ದೇವರ ಮೇಲೆ ಪ್ರಮಾಣ ಮಾಡಿ, ಮೃತ್ಯುಪತ್ರಕ್ಕೆ ಕೋರ್ಟಿನ ಒಪ್ಪಿಗೆಯಾದ ಪ್ರೊಬೇಟ್ ತಂದಿದ್ದ. ಅವನ ಜೀವಮಾನದಲ್ಲಿ ಅದೊಂದೇ ಪ್ರಮಾಣ.

"ಅಪ್ಪನವರೇ, ನಿದ್ದೆ ಬಂತಾ ಅಲ್ಲಿ?"

"ಬಂದ್ನಿ ಚೆನ್ನಯಣ್ಣ, ಬಂದ್ನಿ."

ಕರಡಿಗೆಯನ್ನು ಅರಿವೆಯಲ್ಲಿ ಸುತ್ತಿ ಜೇಬಿಗಿಟ್ಟ. ಒಂದು ಹಿಡಿ ಅಕ್ಕಿ ಕೈಯಲ್ಲಿ ಹಿಡಿದು ಏಣಿ ಇಳಿದ.

ಚೆನ್ನಯ ನಡುಮನೆಯಲ್ಲಿ ನಿಂತು, ಛತ್ರಿಯ ತುದಿಯಿಂದ ಗೋಡೆಯ ಸುಣ್ಣ ಕೆರೆಯುತ್ತಿದ್ದ. ಉಡುಪಿ ಕಡೆಯವನು, ಫೋರ್ಟಿನಲ್ಲಿ ಹೊಟೇಲು. ಮಳೆಗಾಲಕ್ಕೆ ಮೊದಲು ಹೆಂಚು ಹೊದಿಸಿ ಹೊಟೇಲಿನ ಆಳುಗಳನ್ನು ಇಲ್ಲಿ ಮಲಗಿಸಬೇಕು ಎಂಬುದು ಅವನ ಲೆಕ್ಕ. ಸಂಗಪ್ಪನ ಸುದ್ದಿ ಹಬ್ಬಿದ ವಾರದಲ್ಲೇ ಮನೆ ಕೇಳಿಕೊಂಡು ಬಂದವನು.

"ಚೆನ್ನಯಣ್ಣ, ಇದು ಯಾವ ಅಕ್ಕಿ ಹೇಳ್ರಿ ನೋಡೋಣ."

ಚೆನ್ನಯ ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಡಿದ. "ಅಯ್ಯೋ, ಕುಚ್ಚಲಕ್ಕಿ! ನಮ್ಮೂರಿನ ಪ್ರಾಣ. ಇದರ ಗಂಜಿ ಇಲ್ಲದಿದ್ರೆ ನನ್ನ ಹೊಟೇಲಿನ ಒಬ್ಬ ಆಳೂ ಮುಂಬಯಿಯಲ್ಲಿ ನಿಲ್ಲುದಿಲ್ಲ." ಹಲ್ಲಿನ ಕಾಳು ಉಗುಳಿ, "ಸಂಗಪ್ಪಣ್ಣ ಇದನ್ನು ಯಾವಾಗ ತಿನ್ಲಿಕ್ಕೆ ಸುರು ಮಾಡಿದ್ದು?"

ತಿನ್ನುತ್ತಿರಲಿಲ್ಲ. ಪರೇಲಿನ ಮಿಲ್ಲಿನಲ್ಲಿ ನೇಯ್ಗೆಗೆ ಸೇರಿದಾಗ ಕರಾವಳಿಯವರ ಖಾನಾವಳಿಯಲ್ಲಿ ಒಮ್ಮೆ ಉಂಡು, "ನೀಲ್ಯಾ, ಇದೇನೋ ಹತ್ತಿಕಾಳು ಕುದಿಸಿ ಹಾಕಿದಂಗೈತಿ, ನಾ ಏನ ಎಮ್ಮಿ ಏನಲೇ?" ಎಂದು ಎದ್ದು ಬಂದಿದ್ದ. ಆಮೇಲೆ ಊರಿನ ಜೋಳ ಬಿಟ್ಟು ಬೇರೆ ಕಾಳು ಅವನ ಮನೆಗೆ ಬಂದದ್ದೇ ಇಲ್ಲ.

"ನಿಮ್ಮ ಹೊಟೇಲಿಂದ ಯಾರರ ಕೊಟ್ಟಿದ್ರೇನ್ರಿ ಅವನಿಗೆ?"

ಚೆನ್ನಯನ ಛತ್ರಿ ಗೋಡೆಯಿಂದ ಕೆಳಗಿಳಿಯಿತು. "ಯಾಕೆ? ಅಟ್ಟದಲ್ಲಿ ಅಕ್ಕಿ ಮಾತ್ರವಾ ಇದ್ದದ್ದು? ಬೇರೆ ಎಂತದ್ದಾದ್ರೂ ಉಂಟಾ?" ಮಾತು ಹಗುರವಾಗಿತ್ತು. ಕಣ್ಣು ಮಾತ್ರ ನೀಲಕಂಠಪ್ಪನ ಉಬ್ಬಿದ ಜೇಬಿನ ಮೇಲೆ ಕೂತಿತ್ತು. "ನೋಡಿ ಅಪ್ಪನವರೇ, ಮನೆಯಲ್ಲಿ ಇದ್ದದ್ದೆಲ್ಲ ಇದ್ದ ಹಾಗೆ ಅಂತ ಮಾತಾಗಿದೆ."

"ಸತ್ತವನ ಪೂಜಿ ಸಾಮಾನೂ ಬೇಕೇನ್ರಿ ನಿಮಗ?"

"ಛೆ ಛೆ, ಹಾಗಲ್ಲ!" ಎಂದು ಚೆನ್ನಯ ನಕ್ಕ. "ನಾಳೆ ಬೆಳಿಗ್ಗೆ ಫೋರ್ಟ್, ರಿಜಿಸ್ಟ್ರಾರ್ ಆಫೀಸು. ನೆನಪುಂಟಲ್ಲ? ಸಹಿ ಮುಗಿಸಿ ನನ್ನ ಹೊಟೇಲಲ್ಲಿ ಊಟ. ನಯಾ ಪೈಸೆ ಬಂದ ಮೇಲೆ ಗಿರಾಕಿಗಳ ಜೊತೆ ದಿನಾ ಜಗಳ, ನಿಮ್ಮಿಂದ ಅದೂ ಬೇಡ, ಪುಕ್ಕಟೆ. ಆದರೆ ಹಿಂದಿನ ಕೋಣೆಯವಳು ಏಳ್ಬೇಕು. ನನ್ನ ಊರಿನವಳೇ, ನನಗೆ ಬಾಯಿಬಿಟ್ಟು ಹೇಳ್ಲಿಕ್ಕಾಗುದಿಲ್ಲ. ನೀವೇ ಹೇಳಿ."

ಛತ್ರಿ ಬಿಚ್ಚಿಕೊಂಡು, ಗದ್ದೆಯ ಬದುವಿನ ಮೇಲೆ ಸ್ಟೇಷನ್ನಿನ ಕಡೆ ನಡೆದುಹೋದ. ವೈಶಾಖದ ಬಿಸಿಲಿನಲ್ಲಿ ಆ ಕರಿಯ ಛತ್ರಿ ಬಹಳ ದೂರದವರೆಗೆ ಕಾಣುತ್ತಿತ್ತು.

ಮನೆ ಮತ್ತೆ ಸುಮ್ಮನಾಯಿತು.

ಈ ಸುಮ್ಮನೆತನ ನೀಲಕಂಠಪ್ಪನಿಗೆ ಹೊಸದಲ್ಲ. ಹೆಂಡತಿ ಹೋದ ಮೇಲೆ ಪರೇಲಿನ ಚಾಳಿನ ಕೋಣೆಯಲ್ಲಿ ಅವನು ಅದರೊಡನೆಯೇ ಬಾಳುವೆ ಮಾಡಿದವನು. ಗೋಡೆಯಾಚೆ ನಾಲ್ಕೂ ಕಡೆ ಮಂದಿ, ಈಚೆ ಒಬ್ಬನೇ. ರವಿವಾರ ಮಾತ್ರ ಲೋಕಲ್ ಹತ್ತಿ ಇಲ್ಲಿಗೆ ಬರುತ್ತಿದ್ದ. ಸಂಗಪ್ಪ ರೊಟ್ಟಿ ಬಡಿಯುತ್ತಿದ್ದ, ಇವನು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಮಾತೂ ಹೆಚ್ಚೇನಿಲ್ಲ. ಊರಿನಲ್ಲಿ ಮಳೆಯಾಯಿತಂತೆ, ಇಲ್ಲವಂತೆ. ಉಂಡು ಇಬ್ಬರೂ ಕಟ್ಟೆಯ ಮೇಲೆ ಅಡ್ಡಾಗುತ್ತಿದ್ದರು.

ಆಫೀಸಿನಲ್ಲಿ ಅವನು ಪಾಟೀಲ ಸಾಹೇಬ. ಚಾಳಿನಲ್ಲಿ ಕೊನೆಯ ಖೋಲಿಯ ಕಾಕಾ. ನೀಲ್ಯಾ ಎಂದು ಕರೆಯುತ್ತಿದ್ದ ಗಂಡಸು ಈ ಊರಿನಲ್ಲಿ ಒಬ್ಬನೇ ಇದ್ದ. ಈ ಐದು ತಿಂಗಳಲ್ಲಿ ರವಿವಾರ ಬಂದರೆ ಅವನು ಸುಮ್ಮನೆ ಚಾಳಿನ ಹತ್ತಿರದ ಸ್ಟೇಷನ್ನಿನ ಬಾಕಿನ ಮೇಲೆ ಕೂತು, ಗಾಡಿಗಳನ್ನು ಬಿಟ್ಟುಕೊಟ್ಟು, ಮನೆಗೆ ಹೋಗುತ್ತಿದ್ದ.

ಬದುಕಿದ್ದರೆ ಒಂದು ಸುದ್ದಿ ಮುಟ್ಟಿಸಬಾರದಿತ್ತೇ?

ಹೊರಗೆ ಬಾವಿಯ ಗಾಲಿ ಕಿರುಗುಟ್ಟಿತು. ದಾನವ್ವ ನೀರು ಸೇದುತ್ತಿದ್ದಳು. ಸಹಿ ಆಗುವ ಮೊದಲು ತಮ್ಮನ ಮನೆಯನ್ನೊಮ್ಮೆ ಕಣ್ಣು ತುಂಬ ನೋಡುತ್ತೇನೆ ಎಂದು ಊರಿನಿಂದ ಬಂದಿದ್ದಳು. ಬಂದಾಗಿನಿಂದ ನೆಲದ ಮೇಲೆ ಕೂತವಳಲ್ಲ. ಗೂಡು, ಮಾಡ, ಒಲೆಯ ಹಿಂದೆಲ್ಲ ಕೈಯಾಡಿಸಿ ಗುಡಿಸುತ್ತಲೇ ಇದ್ದಳು. ಅಟ್ಟಕ್ಕೂ ಹತ್ತುತ್ತೇನೆಂದಾಗ, ಈ ವಯಸ್ಸಿನಲ್ಲಿ ಬೇಡ ಅಕ್ಕಾ ಎಂದು ನೀಲಕಂಠಪ್ಪನೇ ತಡೆದು ತಾನು ಹತ್ತಿದ್ದ.

ಅವಳಿಗೆ ಈಗಲೇ ಹೇಳುವುದೇ? ಹೇಳಿ, ಆಮೇಲೆ ಸುಳ್ಳೆಂದಾದರೆ? ಸತ್ತ ತಮ್ಮನನ್ನು ಎರಡನೆಯ ಸಲ ಸಾಯಿಸಿದ ಹಾಗೆ. ಮೊದಲು ಅಕ್ಕಿಯ ಸುದ್ದಿ ತಿಳಿಯಬೇಕು.

ಮನೆಯ ಹಿಂದಕ್ಕೆ ಸುತ್ತಿ ಬಂದ.

ಮೋಹಿನಿ ಚಾಪೆಯ ಮೇಲೆ ಹಪ್ಪಳ ಹರಡುತ್ತಿದ್ದಳು. ಗಂಡ ಹೊಟೇಲೊಂದರಲ್ಲಿ ಅಡಿಗೆಯವನಾಗಿದ್ದು ತೀರಿಕೊಂಡ ಮೇಲೆ ಸಂಗಪ್ಪ ಅವಳಿಗೆ ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟಿದ್ದ. ಹಪ್ಪಳ, ಉಪ್ಪಿನಕಾಯಿ ಮಾಡಿ ಹೊಟೇಲುಗಳಿಗೆ ಹಾಕುತ್ತಿದ್ದಳು. ಅಂಗಳದ ಬದಿಯಲ್ಲಿ ಅವಳೇ ನೆಟ್ಟ ಬಾಳೆ ಗಿಡಗಳ ಒಂದು ಗುಂಪು.

"ಬನ್ನಿ ಅಣ್ಣ. ಯಾವಾಗ ಎದ್ದುಹೋಗ್ಬೇಕು ಅಂತ ಹೇಳ್ಲಿಕ್ಕೆ ಬಂದದ್ದಾ? ಹಪ್ಪಳ ಒಣಗುವ ತನಕ ಪುರುಸೊತ್ತು ಕೊಡಿ. ಒದ್ದೆ ಹಪ್ಪಳ ಕಟ್ಟಿಕೊಂಡು ಹೋಗ್ಲಿಕ್ಕಾಗುದಿಲ್ಲ."

ನೀಲಕಂಠಪ್ಪ ಮುಷ್ಟಿ ಬಿಚ್ಚಿ ಚಾಪೆಯ ಅಂಚಿನಲ್ಲಿ ಅಕ್ಕಿ ಸುರಿದ.

"ಇದು ನಿಮ್ಮದೇನ್ರಿ, ಮೋಹಿನಿಬಾಯಿ?"

ಅವಳ ಕೈ ಹಪ್ಪಳದ ಮೇಲೆಯೇ ಉಳಿಯಿತು. ಗಳಿಗೆಯ ನಂತರ ಮತ್ತೆ ಹರಡತೊಡಗಿದಳು. "ಕುಚ್ಚಲಕ್ಕಿ ನಾನೊಬ್ಬಳೇ ಉಣ್ಣುದಾ? ಚೆನ್ನಯಣ್ಣನ ಹೊಟೇಲಿಗೆ ಹೋಗಿ ನೋಡಿ. ಮೂಟೆ ಮೂಟೆ ಉಂಟು."

"ಖರೆ. ಆದ್ರ ಗಡಿಗಿ ಬಾಯಿಗೆ ಬಾಳಿ ಎಲಿ ಕಟ್ಟಿತ್ತು. ಒಣಗಿ ಹಪ್ಪಳದಂಗ ಆಗೇತಿ. ಫೋರ್ಟಿನಿಂದ ಲೋಕಲಿನ್ಯಾಗ ಬಾಳಿ ಎಲಿ ತಂದು ಗಡಿಗಿ ಮುಚ್ಚೂ ಅಂಥಾ ಧಣಿ ಅಲ್ಲ ಚೆನ್ನಯಣ್ಣ."

ಅವಳಿಗೆ ನಗು ಬರುವಂತಾಯಿತು, ಬರಲಿಲ್ಲ.

ನೀಲಕಂಠಪ್ಪ ಜೇಬಿನಿಂದ ಅರಿವೆಯ ಸುತ್ತು ತೆಗೆದು ಅಂಗೈಯಲ್ಲಿಟ್ಟು ಹಿಡಿದ.

ಮೋಹಿನಿ ಎದ್ದು ನಿಂತಳು. ಎಣ್ಣೆಗೈಯನ್ನು ಸೀರೆಗೆ ಒರೆಸಿ ಮುಗಿದಳು. "ಅದನ್ನು ಹಾಗೆ ಜೇಬಿನಲ್ಲಿ ಹಾಕ್ಕೊಂಡು ತಿರುಗ್ಬೇಡಿ ಅಣ್ಣ. ನಾನು ಮಿಂದು, ಹೊಸ ಮಡಕೆ ತಂದು ಇಟ್ಟದ್ದು. ನಮ್ಮಲ್ಲಿ ದೇವರ ವಸ್ತುವನ್ನು ಬರೇ ನೆಲದಲ್ಲಿ ಇಡುದಿಲ್ಲ. ಅಕ್ಕಿ ಮೇಲೆ ಇಡುದು."

"ಎಲ್ಲಿಂದ ಬಂತು ನಿಮಗ?"

"ಅವರೇ ಕೊಟ್ಟದ್ದು. ಸಾಯುವ ಮುಂಚಿನ ಸಂಜೆ."

"ಸುಳ್ಳ!" ನೀಲಕಂಠಪ್ಪನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು. "ಸಂಗ್ಯಾ ತಾನಾಗಿ ಕೊರಳಿಂದ ಲಿಂಗ ತಗದು ಮಂದಿ ಕೈಯಾಗ ಕೊಡಾಂವ? ಮಿಲ್ಲಿನ್ಯಾಗ ಯಂತ್ರಕ್ಕ ಸಿಗತೈತಿ, ತಗದಿಡು ಅಂತ ಸಾಹೇಬ ಹೇಳಿದ್ದಕ್ಕ ನೌಕರಿ ಬಿಡಾಕ ನಿಂತಾಂವ ಅವ!"

"ಸುಳ್ಳು ಹೇಳಿ ನನಗೆ ಎಂತ ಸಿಗ್ತದೆ, ಹೇಳಿ? ಈ ಕೋಣೆಯಾ? ಅದು ಹೇಗೂ ಹೋಯ್ತಲ್ಲ."

ನೀಲಕಂಠಪ್ಪ ಹಪ್ಪಳದ ಕಲ್ಲಿನ ಮೇಲೆ ಕೂತುಬಿಟ್ಟ.

"ನಾನೂ ಕೇಳಿದೆ," ಎಂದಳು ಮೋಹಿನಿ. "'ಅಣ್ಣ, ಇದೆಂತದ್ದು, ಇದನ್ನು ನೀವು ತೆಗೆಯುದಿಲ್ಲವಲ್ಲ' ಅಂತ. 'ನಾಳೆ ತನಕ ಇಟ್ಟಿರು ತಂಗಿ. ಇವತ್ತು ನಾನು ಮಾಡುವ ಕೆಲಸ ಇದನ್ನು ಕಟ್ಟಿಕೊಂಡು ಮಾಡುವಂಥದ್ದಲ್ಲ' ಅಂತ ಹೇಳಿದ್ರು. ನಾನು ಪೆದ್ದಿ, ಕಳ್ಳು ಕುಡೀಲಿಕ್ಕೆ ಹೋಗ್ತಾರಾ ಅಂತ ಗ್ರಹಿಸಿದೆ. ಇದ್ದಿದ್ದು ಒಬ್ಬರೇ, ಚಳಿ, ಕುಡಿದ್ರೆ ಕುಡೀಲಿ ಅಂತ."

"ಮುಂದ?"

"ಮರುದಿನ ಪೊಲೀಸರು ಕೋಟು ಹಿಡ್ಕೊಂಡು ಬಂದ್ರು. ಯಾರದ್ದು ಅಂತ ಕೇಳಿದ್ರು. ಸಂಗಪ್ಪಣ್ಣಂದು ಅಂತ ಹೇಳಿದೆ. ಸುಳ್ಳಲ್ಲವಲ್ಲ, ಅವರದ್ದೇ. ಹೆಣ ನನಗೆ ತೋರಿಸ್ಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ದೇವರಿಲ್ಲದೆ ಹೋದ್ರು ಅಣ್ಣ. ನಾನು ಇಟ್ಟುಕೊಂಡ ಕಾರಣ ಹಾಗೆ ಹೋದ್ರು ಅಂತ ನನಗೆ ಒಂದು ತುತ್ತು ಇಳೀಲಿಲ್ಲ. ನಿಮಗೆ ಕೊಡ್ಬೇಕು ಅಂತ ತಂದೆ. ನೀವು ಮಣ್ಣು ಮಾಡಿ ಬಂದು ಅಲ್ಲಿ ಕಟ್ಟೆ ಮೇಲೆ ಕೂತಿದ್ರಿ. ನಾನು ಬಂದು ನಿಂತದ್ದೂ ನಿಮಗೆ ಗೊತ್ತಾಗ್ಲಿಲ್ಲ. ಆ ಮುಖ ನೋಡಿ ಹೇಗೆ ಹೇಳುದು? ಅವರ ವಸ್ತು ಅವರ ಮನೆಯಲ್ಲೇ ಇರಲಿ ಅಂತ ಅಟ್ಟದಲ್ಲಿ ಇಟ್ಟೆ."

ನೀಲಕಂಠಪ್ಪ ಒಂದೊಂದೇ ಶಬ್ದ ಎತ್ತಿಡುವ ಹಾಗೆ ಹೇಳಿದ.

"ಮೋಹಿನಿಬಾಯಿ, ಆ ಹೆಣದ ಕೊರಳಾಗ ಲಿಂಗ ಇತ್ತು."

"ಹೇಗೆ ಇರ್ತದೆ? ಇದು ನನ್ನ ಹತ್ರ ಇತ್ತಲ್ಲ."

"ಇತ್ತು. ನಾನ ಕೈಯಾಗ ಇಟ್ಟೀನಿ."

"ಹಾಗಾದ್ರೆ ನಿಮ್ಮವರಿಗೆ ಎರಡೆರಡು ಇರ್ತದಾ?"

"ಇಲ್ಲ."

ಅವಳು ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಐದು ತಿಂಗಳು, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ, ಇಬ್ಬರೂ ಒಂದೇ ಸಾವಿಗೆ ಬೇರೆ ಬೇರೆಯಾಗಿ ಅತ್ತಿದ್ದರು. ಮೋಹಿನಿ ನೆಲದ ಮೇಲೆ ಕುಸಿದು ಕೂತಳು. ಸಾಲಾಗಿ ಹರಡಿದ್ದ ಹಪ್ಪಳ ಅವಳ ಮೊಣಕಾಲಿನ ಕೆಳಗೆ ನುಗ್ಗಾಯಿತು.

ಆಗ ನೀಲಕಂಠಪ್ಪನಿಗೆ ಆ ಕೈ ನೆನಪಾಯಿತು.

ಮಗ್ಗದ ಲಾಳಿ ಚಿಮ್ಮಿ ಬಡಿದು ಸಂಗಪ್ಪನ ಎಡಗೈಯ ಕಿರುಬೆರಳು ಕಟ್ಟಿಗೆಯಾಗಿತ್ತು. ರೊಟ್ಟಿ ಮುರಿಯುವಾಗ, ಬೀಡಿ ಹಿಡಿಯುವಾಗ ಆ ಬೆರಳು ಒಂದು ಕಡೆ ನೆಟ್ಟಗೆ ನಿಂತಿರುತ್ತಿತ್ತು. "ನಿನ್ನ ಬೆರಳು ಯಾವಾಗಲೂ ಲೋಕಲ್ ಗಾಡಿಗೆ ಸಿಗ್ನಲ್ ಕೊಡತೈತಿ ನೋಡು" ಎಂದು ಇವನು ಕಾಡುತ್ತಿದ್ದ. ಕುಣಿಯೊಳಗೆ ಆ ದಿನ ಲಿಂಗದ ಮೇಲೆ ಬೆರಳುಗಳನ್ನು ಮಡಚಿದಾಗ ಐದೂ ಸಲೀಸಾಗಿ ಮಡಚಿದ್ದವು. ಕಣ್ಣೀರಿನಲ್ಲಿ ಅವನು ಅದನ್ನು ಕಂಡೂ ಕಂಡಿರಲಿಲ್ಲ. ಸತ್ತ ಮೇಲೆ ಎಲ್ಲ ಬಿಗಿಯೂ ಸಡಿಲುತ್ತದೆ ಎಂದುಕೊಂಡಿದ್ದನೋ ಏನೋ.

ಅಂದಮೇಲೆ ಅವನಲ್ಲ. ಸಂಗ್ಯಾ ಅಲ್ಲ.

"ಕೋಟು ಅವಂದು," ಎಂದ ನೀಲಕಂಠಪ್ಪ. "ಅದು ಬ್ಯಾರೆಯವನ ಮೈಮ್ಯಾಲ ಹೆಂಗ ಬಂತು? ಅವತ್ತು ಮನಿಗೆ ಯಾರರ ಬಂದಿದ್ರೇನು?"

ಮೋಹಿನಿ ಗೋಡೆಯ ಕಡೆ ನೋಡಿದಳು.

"ಹೇಳ್ರಿ ತಾಯಿ. ನಾಳೆ ನಾ ಸಹಿ ಮಾಡಿದೆ ಅಂದ್ರ ಈ ಮನಿ ಹೋತು. ಬದುಕಿದ್ದವನ ಮನಿ ಮಾರಿದ ಪಾಪ ನನ್ನ ತಲಿಮ್ಯಾಲ. ಅದಕ್ಕೂ ಮೊದಲ ಅವ ಎಲ್ಲರ ಅದಾನೋ ಇಲ್ಲೋ, ನನಗ ಅದು ತಿಳಿಬೇಕು."

"ಒಬ್ರು ಬಂದಿದ್ರು," ಎಂದಳು. "ನಿಮ್ಮ ಕಡೆ ಮಾತು. ದೊಡ್ಡ ಮೀಸೆ. ಎರಡು ದಿನ ಇದ್ರು. ಮೊದಲ ದಿನ ಊಟ, ಮಾತು ಎಲ್ಲ ಸರಿ ಇತ್ತು. ಆಮೇಲೆ ಸ್ವರ ಏರಿತು. ನನಗೆ ನಿಮ್ಮ ಭಾಷೆ ಬೇಗ ಮಾತಾಡಿದ್ರೆ ಅರ್ಥ ಆಗುದಿಲ್ಲ. 'ಹೊಲ', 'ಹೊಲ' ಅಂತ ಕೇಳ್ತಿತ್ತು."

"ಪೊಲೀಸರಿಗ ಯಾಕ ಹೇಳಲಿಲ್ಲ?"

"ಅವ್ರು ಕೋಟಿನ ಸುದ್ದಿ ಮಾತ್ರ ಕೇಳಿದ್ದು. ಒಬ್ಬಂಟಿ ಹೆಂಗಸು, ಕೇಳದ್ದನ್ನು ಹೇಳ್ಲಿಕ್ಕೆ ಹೋದ್ರೆ ಮತ್ತೆ ಸ್ಟೇಷನ್ನಿಗೆ ಬಾ, ಕೋರ್ಟಿಗೆ ಬಾ. ನನಗೆ ಯಾರಿದ್ದಾರೆ ಜೊತೆಗೆ ಬರ್ಲಿಕ್ಕೆ?"

"ಹೆಸರು?"

"ಹೆಸರು ಹೇಳಿ ಕರೀಲಿಲ್ಲ. ಸಂಗಪ್ಪಣ್ಣ ಅವರನ್ನು 'ಮಾವಾ' ಅಂತ ಕರೀತಿದ್ರು. ನನ್ನ ಹತ್ರ ಇದನ್ನು ಕೊಟ್ಟು ಹೋದ ಮೇಲೆ ಇಬ್ರೂ ಹೊರಟ್ರು. 'ಮಾವಾ, ಥಂಡಿ ಐತಿ, ಹಾಕ್ಕೋ' ಅಂತ ಕೋಟು ಬಿಚ್ಚಿ ಅವರೇ ಹೊದಿಸಿದ್ರು. ನಾನು ಈ ಬಾಗಿಲಲ್ಲೇ ನಿಂತಿದ್ದೆ. ಗದ್ದೆ ದಾರಿಯಲ್ಲಿ, ಹಳಿ ದಾಟುವಲ್ಲಿಗೆ ಹೋಗ್ತದಲ್ಲ, ಹಾಗೆ ಹೋದ್ರು. ಹೆಣ ಸಂಗಪ್ಪಣ್ಣಂದು ಅಂತ ನೀವೇ ಗುರುತು ಹೇಳಿದ ಮೇಲೆ, ದಾರಿಯಲ್ಲಿ ಕೋಟು ವಾಪಸು ತಕ್ಕೊಂಡಿರ್ಬೇಕು ಅಂತ ಗ್ರಹಿಸಿದೆ."

ಮಾವ.

ಸಂಗಪ್ಪ ಹಾಗೆ ಕರೆಯುತ್ತಿದ್ದುದು ಒಬ್ಬನನ್ನೇ. ಅಕ್ಕ ದಾನವ್ವನ ಗಂಡ ಚನಮಲ್ಲಪ್ಪ. ಹೊಡೆದು ಬಡಿದು, ಅವಳ ತವರಿನವರು ಕೊಟ್ಟ ಹೊಲವನ್ನೂ ಕೈಬಿಡಿಸಿ, ಒಂದು ದಿನ ಹೇಳದೆ ಕೇಳದೆ ಊರು ಬಿಟ್ಟವನು. ಎಲ್ಲೋ ಇದ್ದಾನೆ ಎಂದು ದಾನವ್ವ ಇಷ್ಟು ವರ್ಷವೂ ಹಣೆಯ ಕುಂಕುಮ, ಕೊರಳ ತಾಳಿ ತೆಗೆದವಳಲ್ಲ.

ನೀಲಕಂಠಪ್ಪ ತಾನು ಕುಣಿಯಲ್ಲಿ ಕೂರಿಸಿದ್ದು ಯಾರನ್ನು ಎಂಬುದನ್ನು ಈಗ ಅರಿತ. ಸಂಗಪ್ಪ ಕೊರಳಿಂದ ಲಿಂಗ ತೆಗೆದಿಟ್ಟು ಎಂಥ ಕೆಲಸಕ್ಕೆ ಹೋದ ಎಂಬುದನ್ನೂ ಅರಿತ. ಆ ಎರಡನೆಯದನ್ನು ಮನಸ್ಸು ಒಪ್ಪಲೊಲ್ಲದೆ, ಹೆದರಿದ ಎತ್ತಿನ ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿಯಿತು.

ಪೊಲೀಸರ ಬಳಿಗೆ ಹೋದರೆ ಸಂಗ್ಯಾ ನೇಣಿಗೆ. ಹೋಗದೆ ಸಹಿ ಮಾಡಿದರೆ ತಾನು ಕಳ್ಳ. ಸಹಿ ಮಾಡದಿದ್ದರೆ ದಾನವ್ವ ಬರಿಗೈಯಲ್ಲಿ ಊರಿಗೆ ತಿರುಗಬೇಕು. ಊರಿನಲ್ಲಿ ಅವಳಿಗೆ ಉಳಿದದ್ದಾದರೂ ಏನು?

ಅದಕ್ಕೂ ಮೊದಲು, ಅವಳಿಗೆ ಹೇಳುವುದು ಹೇಗೆ? ತಮ್ಮ ಬದುಕಿದ್ದಾನೆ ಅಕ್ಕಾ, ಗಂಡ ಸತ್ತಿದ್ದಾನೆ. ಅವನನ್ನು ನಾನೇ ಹೂತೆ, ನಿನ್ನ ತಮ್ಮನೆಂದು.

ಬಾವಿಯ ಗಾಲಿಯ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ. ಅವನು ತಲೆಯೆತ್ತಿದಾಗ ದಾನವ್ವ ಮನೆಯ ಮೂಲೆಗೆ ಬಂದು ನಿಂತಿದ್ದಳು. ಟೊಂಕದ ಮೇಲೆ ತುಂಬಿದ ಕೊಡ. ಒದ್ದೆಯಾದ ಇಳಕಲ್ಲ ಸೀರೆ ಕಾಲಿಗೆ ಅಂಟಿತ್ತು. ಕೊಡ ಇಳಿಸುವ ಎಚ್ಚರವೂ ಇಲ್ಲದೆ ನಿಂತಿದ್ದಳು ಎಂದರೆ, ಕೇಳಬೇಕಾದದ್ದನ್ನು ಕೇಳಿರಬೇಕು.

ನೀಲಕಂಠಪ್ಪ ಥಟ್ಟನೆ ಎದ್ದು ಕರಡಿಗೆಯನ್ನು ಬೆನ್ನ ಹಿಂದೆ ಮಾಡಿದ.

"ಅಕ್ಕಾ, ನಿನಗೊಂದು ಮಾತು ಹೇಳೂದೈತಿ. ಕುಂದ್ರು ಮೊದಲ."

ದಾನವ್ವ ಕೊಡ ಇಳಿಸಿದಳು. ಕೂರಲಿಲ್ಲ. ಹತ್ತಿರ ಬಂದು ಕೈ ಚಾಚಿದಳು.

"ಸಿಕ್ತಲ್ಲ? ಕೊಡು ಇಲ್ಲೆ."

"ಏನ?"

"ಬೆನ್ನ ಹಿಂದ ಮುಚ್ಚಿಟ್ಟೀಯಲ್ಲ, ಅದು. ಆ ಹೆಣ್ಮಗಳ ಕಡೆ ಕೊಟ್ಟೀನಿ ಅಂದಿದ್ದ. ಆಕೀನ ಬಾಯಿಬಿಟ್ಟು ಕೇಳಾಕ ಬರಂಗಿಲ್ಲ, ಎಲ್ಲೆ ಇಟ್ಟಿರತಾಳೋ ಅಂತ ಬಂದಾಗಿಂದ ಹುಡುಕೇ ಹುಡುಕಾಕತ್ತೀನಿ." ಅವಳ ದನಿಯಲ್ಲಿ ದಣಿವಿತ್ತು, ಅಷ್ಟೇ. "ಲಿಂಗಪೂಜಿ ಇಲ್ಲದ ರೊಟ್ಟಿ ಮುಟ್ಟಂಗಿಲ್ಲ ಅಂತ ಹಠಾ ಹಿಡದು ಕುಂತಾನ. ಬರೇ ಹಾಲು ಹಣ್ಣಿನ ಮ್ಯಾಲ ಅದಾನ. ಬ್ಯಾರೆ ಲಿಂಗ ಕಟ್ಟಿಸ್ಕೋ ಅಂದ್ರ ಕೂಸಿನಂಗ ಅಳತಾನ. ಮೈಯಾಗ ಎಲುಬು ಬಿಟ್ರ ಏನೂ ಉಳಿದಿಲ್ಲೋ ನೀಲ್ಯಾ."

ಹಿಂದೆ ಮೋಹಿನಿ ತನ್ನ ತುಳುವಿನಲ್ಲಿ ಏನೋ ದೇವರ ಹೆಸರು ಹೇಳಿದಳು.

ನೀಲಕಂಠಪ್ಪನಿಗೆ ಮೊದಲು ಬಾಯಿಗೆ ಬಂದದ್ದು ಕೇಳಬೇಕಾದ ಪ್ರಶ್ನೆಯಲ್ಲ.

"ನನಗ ಯಾಕ ಹೇಳಲಿಲ್ಲ ಅವ?"

"ನೀ ಕೋರ್ಟಿನ್ಯಾಗ ಪ್ರಮಾಣ ಮಾಡಾಂವ ಇದ್ದಿ. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳ ಪ್ರಮಾಣ ಮಾಡೂ ಮಂದಿ ನೀ ಅಲ್ಲ. 'ನೀಲ್ಯಾಗ ಮಾತ್ರ ಗೊತ್ತಾಗಬಾರದು, ಅವ ಖರೇವಂತ' ಅಂದ."

ಹೊಗಳಿಕೆಯ ಮಾತೇ. ಆದರೆ ಆ ಅಂಗಳದ ಬಿಸಿಲಿನಲ್ಲಿ ನಿಂತ ನೀಲಕಂಠಪ್ಪನಿಗೆ ತನ್ನನ್ನು ಹೊರಗೆ ನಿಲ್ಲಿಸಿ ಒಳಗಿನಿಂದ ಅಗಳಿ ಹಾಕಿಕೊಂಡ ಹಾಗೆ ಕೇಳಿಸಿತು. ಸ್ಟೇಷನ್ನಿನ ಬಾಕಿನ ಮೇಲೆ ಕೂತು ಬಿಟ್ಟುಕೊಟ್ಟ ಆ ಗಾಡಿಗಳೆಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋದವು.

"ಮತ್ತ ಮಾವ, ಅಕ್ಕಾ?" ಎಂದ ಮೆಲ್ಲಗೆ. "ಚನಮಲ್ಲಪ್ಪ ಮಾವ ಎಲ್ಲೆ ಅದಾನ?"

ದಾನವ್ವ ಸೆರಗಿನ ತುದಿಯಿಂದ ಹಣೆಯ ಬೆವರು ಒರೆಸಿಕೊಂಡಳು. ಕುಂಕುಮಕ್ಕೆ ತಾಗದ ಹಾಗೆ, ಸುತ್ತಲಷ್ಟೇ, ನಿಧಾನವಾಗಿ.

"ನಾಳೆ ಫೋರ್ಟಿಗೆ ಹೋಗಿ ಸಹಿ ಮಾಡು, ನೀಲ್ಯಾ," ಎಂದಳು. "ಆಮ್ಯಾಲ ನಾನ ನಿನ್ನ ಸಂಗ್ಯಾನ ಕಡೆ ಕರಕೊಂಡು ಹೋಗತೀನಿ."